ಔಷಧ ಖರೀದಿ: ಸಹಕಾರಿ ಕಪಾಟಿಗೆ ಬೇಕು ಹಾಲಿನ ಡೇರಿಯ ಶಿಸ್ತು

ಬೀಜ, ಗೊಬ್ಬರ, ಪಡಿತರ ಮತ್ತು ಬೆಳೆಸಾಲಕ್ಕೆ ಸೀಮಿತವಾಗಿದ್ದ ಸಹಕಾರ ಸಂಘಗಳ ಬಾಗಿಲಲ್ಲಿ ಈಗ ಔಷಧದ ಫಲಕವೂ ಕಾಣತೊಡಗಿದೆ. ದೇಶದ 2,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೆ ಜನೌಷಧಿ ಕೇಂದ್ರ ತೆರೆಯಲು ಅವಕಾಶ ನೀಡುವ ತೀರ್ಮಾನವನ್ನು ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ಕೈಗೊಂಡಿತು. ಅದಕ್ಕೂ ಮೊದಲು, 2020ರ ಅಕ್ಟೋಬರ್‌ನಲ್ಲಿ, ರಾಷ್ಟ್ರೀಯ ಸಹಕಾರ ಅಭಿವೃದ್ಧಿ ನಿಗಮವು ‘ಆಯುಷ್ಮಾನ್ ಸಹಕಾರ್’ ಯೋಜನೆಯಡಿ ಆಸ್ಪತ್ರೆ ಹಾಗೂ ಆರೋಗ್ಯ ಸೇವೆಗೆ ಮುಂದಾಗುವ ಸಹಕಾರ ಸಂಸ್ಥೆಗಳಿಗಾಗಿ 10,000 ಕೋಟಿ ರೂಪಾಯಿಗಳ ಸಾಲದ ನೆರವನ್ನು ಪ್ರಕಟಿಸಿತ್ತು. ದೇಶದಲ್ಲಿ ಸಹಕಾರಿಗಳು ನಡೆಸುವ ಸುಮಾರು 52 ಆಸ್ಪತ್ರೆಗಳಿದ್ದು, ಅವುಗಳಲ್ಲಿ 5,000ಕ್ಕೂ ಹೆಚ್ಚು ಹಾಸಿಗೆಗಳಿವೆ ಎಂದು ಆಗಿನ ಪ್ರಕಟಣೆ ತಿಳಿಸಿತ್ತು.

ಇದು ಸ್ವಾಗತಾರ್ಹ ಬೆಳವಣಿಗೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇದೇ ಅವಧಿಯಲ್ಲಿ ನಡೆದ ಎರಡು ದುರಂತಗಳು ಈ ಸಂತೋಷದ ಮೇಲೆ ಪ್ರಶ್ನೆಯ ನೆರಳನ್ನು ಚಾಚಿವೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಗೆ ಒಳಗಾದ ಬಾಣಂತಿಯರ ಪೈಕಿ ಐವರು ಅಸುನೀಗಿದರು. 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಪ್ರದೇಶದಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ವೈಫಲ್ಯದಿಂದ ಸತ್ತರು. ಮೊದಲನೆಯದರಲ್ಲಿ ಔಷಧ ಕೊಂಡದ್ದು ಸರ್ಕಾರ, ಎರಡನೆಯದರಲ್ಲಿ ಸಾಮಾನ್ಯ ಜನ. ಎರಡೂ ಪ್ರಕರಣಗಳು ಎತ್ತಿದ ಪ್ರಶ್ನೆ ಒಂದೇ: ಈ ಔಷಧವನ್ನು ಯಾರಿಂದ, ಏನನ್ನು ನೋಡಿ ಕೊಳ್ಳಲಾಯಿತು?

ಆರೋಗ್ಯ ಕ್ಷೇತ್ರಕ್ಕೆ ಕಾಲಿಡುತ್ತಿರುವ ಸಹಕಾರಿಗಳು ಉತ್ತರಿಸಬೇಕಾದ ಮೊದಲ ಪ್ರಶ್ನೆಯೂ ಇದೇ ಆಗಿದೆ.

ಹಳೆಯ ನಂಟು, ಹೊಸ ಹೊಣೆ

ಕರ್ನಾಟಕಕ್ಕೆ ಸಹಕಾರ ತತ್ವ ಹೊಸದಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಹುಟ್ಟಿದ್ದು ಗದಗ ಸಮೀಪದ ಕಣಗಿನಹಾಳದಲ್ಲಿ. ಸಹಕಾರದ ಬಲದಿಂದ ಆರೋಗ್ಯ ರಕ್ಷಣೆ ಒದಗಿಸುವ ಪ್ರಯೋಗದಲ್ಲಿಯೂ ರಾಜ್ಯ ಮುಂಚೂಣಿಯಲ್ಲಿತ್ತು. 2003ರ ಜೂನ್‌ನಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ, ವರ್ಷಕ್ಕೆ 60 ರೂಪಾಯಿ ವಂತಿಗೆ ಕಟ್ಟಿದ ಸಹಕಾರ ಸಂಘದ ರೈತ ಸದಸ್ಯನಿಗೆ ಶಸ್ತ್ರಚಿಕಿತ್ಸೆಯ ಬಾಗಿಲು ತೆರೆಯಿತು. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಯಿತು. ಸಹಕಾರಿಗಳ ಒತ್ತಾಯದ ನಂತರ 2023ರ ಜನವರಿಯಿಂದ, ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ಮಿತಿಯೊಂದಿಗೆ ಮತ್ತೆ ಜೀವ ಪಡೆಯಿತು.

ಯಶಸ್ವಿನಿಯನ್ನು ವಿಮಾ ಯೋಜನೆಯೆಂದೇ ನೋಡುವುದು ರೂಢಿ. ಆದರೆ ಖರೀದಿಯ ದೃಷ್ಟಿಯಿಂದ ನೋಡಿದರೆ ಅದು ಲಕ್ಷಾಂತರ ಸದಸ್ಯರ ಪರವಾಗಿ ಚಿಕಿತ್ಸೆಯನ್ನು ಸಗಟಾಗಿ ಕೊಳ್ಳುವ ಏರ್ಪಾಡು. ಇಲ್ಲಿ ಪೂರೈಕೆದಾರ ಎಂದರೆ ನೆಟ್‌ವರ್ಕ್ ಆಸ್ಪತ್ರೆ. ಯಾವ ಆಸ್ಪತ್ರೆಯನ್ನು ಪಟ್ಟಿಗೆ ಸೇರಿಸಬೇಕು, ಯಾವ ಶಸ್ತ್ರಚಿಕಿತ್ಸೆಗೆ ಎಷ್ಟು ದರ ಕೊಡಬೇಕು, ತಪ್ಪು ಕಂಡರೆ ಯಾವಾಗ ಹೊರಗಿಡಬೇಕು ಎಂಬ ನಿರ್ಧಾರಗಳೆಲ್ಲವೂ ಪೂರೈಕೆದಾರನ ಆಯ್ಕೆಯ ನಿರ್ಧಾರಗಳೇ. ದರ ತೀರ ಇಳಿದರೆ ಒಳ್ಳೆಯ ಆಸ್ಪತ್ರೆ ಹಿಂದೆ ಸರಿಯುತ್ತದೆ. ಅಂಕೆಯಿಲ್ಲದೆ ಬಿಟ್ಟರೆ ಅನಗತ್ಯ ಶಸ್ತ್ರಚಿಕಿತ್ಸೆಗೆ ಆಮಿಷವಾಗುತ್ತದೆ.

ಸ್ವತಃ ಆಸ್ಪತ್ರೆ ನಡೆಸುವ ಸಹಕಾರಿಗಳ ಪರಂಪರೆ ನೆರೆಯ ರಾಜ್ಯಗಳಲ್ಲಿ ಗಟ್ಟಿಯಾಗಿದೆ. ಮುಂಬೈ ದಾದರ್‌ನ ಶುಶ್ರೂಷಾ ನಾಗರಿಕರ ಸಹಕಾರಿ ಆಸ್ಪತ್ರೆ 1960ರ ದಶಕದ ಸಾಹಸ. ಕೇರಳದಲ್ಲಿ ಪೆರಿಂದಲ್ಮಣ್ಣದ ಇ.ಎಂ.ಎಸ್. ಸ್ಮಾರಕ ಆಸ್ಪತ್ರೆ, ಕಣ್ಣೂರಿನ ಎ.ಕೆ.ಜಿ. ಸ್ಮಾರಕ ಆಸ್ಪತ್ರೆಗಳು ಸಹಕಾರಿ ತಳಹದಿಯ ಮೇಲೆ ನಿಂತಿವೆ. ಅಲ್ಲಿನ ಕನ್ಸ್ಯೂಮರ್‌ಫೆಡ್‌ನ ‘ನೀತಿ’ ಔಷಧ ಮಳಿಗೆಗಳು ಮನೆಮಾತು. ಕರ್ನಾಟಕದಲ್ಲಿಯೂ ಜನತಾ ಬಜಾರ್‌ನಂತಹ ಗ್ರಾಹಕ ಸಹಕಾರಿಗಳು ಔಷಧ ಮಾರಾಟದಲ್ಲಿ ತೊಡಗಿಕೊಂಡು ದಶಕಗಳೇ ಸಂದಿವೆ.

ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಜನೌಷಧಿ ಕೇಂದ್ರ ನಡೆಸುವ ಸಂಘಕ್ಕೆ ಪೂರೈಕೆದಾರನನ್ನು ಆರಿಸುವ ಕೆಲಸವಿಲ್ಲ. ಕೇಂದ್ರದ ಸಂಸ್ಥೆಯೇ ಕೊಂಡು, ಪರೀಕ್ಷಿಸಿ, ಕಳುಹಿಸುತ್ತದೆ. ಆದರೆ ತನ್ನದೇ ಔಷಧ ಮಳಿಗೆ ಅಥವಾ ಆಸ್ಪತ್ರೆ ನಡೆಸುವ ಸಹಕಾರಿಯ ಮುಂದೆ ಹತ್ತಾರು ವಿತರಕರು ದರಪಟ್ಟಿ ಹಿಡಿದು ನಿಲ್ಲುತ್ತಾರೆ. ನೈತಿಕತೆಯ ಪರೀಕ್ಷೆ ಆರಂಭವಾಗುವುದು ಅಲ್ಲಿಂದ.

ಕಡಿಮೆ ದರವೆಂಬ ಮಂತ್ರ

ಸಾರ್ವಜನಿಕ ಹಣದಲ್ಲಿ ಏನನ್ನೇ ಕೊಂಡರೂ ಕನಿಷ್ಠ ದರ ನಮೂದಿಸಿದವನಿಗೆ, ಅಂದರೆ ‘ಎಲ್-1’ಗೆ, ಗುತ್ತಿಗೆ ನೀಡುವುದು ಅತ್ಯಂತ ಸುರಕ್ಷಿತ ದಾರಿ ಎಂಬ ಭಾವನೆ ಆಡಳಿತದಲ್ಲಿ ಬೇರೂರಿದೆ. ಸುರಕ್ಷಿತ ಎಂದರೆ ರೋಗಿಗಲ್ಲ, ಸಹಿ ಹಾಕುವ ಅಧಿಕಾರಿಗೆ. ಲೆಕ್ಕಪರಿಶೋಧಕ ‘ಹೆಚ್ಚು ದರ ಏಕೆ ಕೊಟ್ಟಿರಿ’ ಎಂದು ಕೇಳುತ್ತಾನೆಯೇ ಹೊರತು ‘ಇಷ್ಟು ಕಡಿಮೆ ದರಕ್ಕೆ ಇದು ಹೇಗೆ ಸಿಕ್ಕಿತು’ ಎಂದು ಕೇಳುವುದು ಅಪರೂಪ.

ಈ ಮನೋಭಾವದ ಬೆಲೆಯನ್ನು ದೇಶ 1986ರಷ್ಟು ಹಿಂದೆಯೇ ತೆತ್ತಿದೆ. ಆ ವರ್ಷದ ಆರಂಭದಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತಿದ್ದ ಗ್ಲಿಸರಿನ್ ಸೇವಿಸಿ 14 ರೋಗಿಗಳು ಸಾವಿಗೀಡಾದರು. ತನಿಖೆ ನಡೆಸಿದ ನ್ಯಾಯಮೂರ್ತಿ ಲೆಂಟಿನ್ ಆಯೋಗ, ಆಸ್ಪತ್ರೆಯ ಖರೀದಿ ವ್ಯವಸ್ಥೆಯಿಂದ ಹಿಡಿದು ಔಷಧ ನಿಯಂತ್ರಣ ಇಲಾಖೆ ಮತ್ತು ರಾಜಕೀಯದವರೆಗೆ ಚಾಚಿದ್ದ ಕೊಳೆಯನ್ನು ಬಯಲಿಗೆಳೆಯಿತು. ನಾಲ್ಕು ದಶಕಗಳ ನಂತರ ಛಿಂದ್ವಾಡಾದ ಮಕ್ಕಳನ್ನು ಬಲಿ ಪಡೆದದ್ದೂ ಅದೇ ರಾಸಾಯನಿಕ. ತಮಿಳುನಾಡಿನ ಔಷಧ ನಿಯಂತ್ರಣ ಇಲಾಖೆಯ ಪರೀಕ್ಷೆಯಲ್ಲಿ ಆ ಸಿರಪ್‌ನಲ್ಲಿ ಶೇ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಪತ್ತೆಯಾಯಿತು.

2022ರಲ್ಲಿ ಗಾಂಬಿಯಾ ಮತ್ತು ಉಜ್ಬೇಕಿಸ್ತಾನಗಳಲ್ಲಿ ಭಾರತೀಯ ಸಿರಪ್‌ಗಳ ವಿರುದ್ಧ ಇಂಥದೇ ಆರೋಪ ಕೇಳಿಬಂದಾಗ, ರಫ್ತಾಗುವ ಕೆಮ್ಮಿನ ಸಿರಪ್‌ಗಳಿಗೆ 2023ರ ಜೂನ್‌ನಿಂದ ಸರ್ಕಾರಿ ಮಾನ್ಯತೆಯ ಪ್ರಯೋಗಾಲಯದ ಪರೀಕ್ಷೆಯನ್ನು ಕಡ್ಡಾಯಗೊಳಿಸಲಾಯಿತು. ಹಡಗು ಹತ್ತುವ ಬಾಟಲಿಗೆ ಇದ್ದ ಈ ಕಾವಲು, ಲಾರಿ ಹತ್ತಿ ಪಕ್ಕದ ಜಿಲ್ಲೆಗೆ ಹೋಗುವ ಬಾಟಲಿಗೆ ಆಗ ಇರಲಿಲ್ಲ.

ಬಳ್ಳಾರಿಯ ಪ್ರಕರಣ ಇನ್ನಷ್ಟು ಜಟಿಲ. ಶಂಕೆಗೆ ಗುರಿಯಾದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣ ಟೆಂಡರ್ ಮೂಲಕ ಬಂದದ್ದು. ಅದೇ ಕಂಪನಿಯ ಕೆಲವು ಬ್ಯಾಚ್‌ಗಳನ್ನು ರಾಜ್ಯದ ಪ್ರಯೋಗಾಲಯ ಮೊದಲೇ ತಿರಸ್ಕರಿಸಿತ್ತು. ಕೇಂದ್ರದ ಪ್ರಯೋಗಾಲಯ ಅವುಗಳಲ್ಲಿ ಕೆಲವನ್ನು ಗುಣಮಟ್ಟದ್ದೆಂದು ಹೇಳಿತು. ತಡೆಹಿಡಿದಿದ್ದ ದಾಸ್ತಾನಿನ ಒಂದು ಭಾಗ ಮತ್ತೆ ಬಳಕೆಗೆ ಬಂತು. ಸಾವುಗಳ ನಂತರ ಸರ್ಕಾರ ಆ ದ್ರಾವಣವನ್ನು ತಡೆದು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತುಗೊಳಿಸಿತು. ಎರಡು ಪ್ರಯೋಗಾಲಯಗಳು ಭಿನ್ನವಾಗಿ ಹೇಳಿದಾಗ ಕೊಳ್ಳುವವನು ಯಾರನ್ನು ನಂಬಬೇಕು? ಕಾನೂನಿನ ದೃಷ್ಟಿಯಲ್ಲಿ ಕೇಂದ್ರ ಪ್ರಯೋಗಾಲಯದ ವರದಿಗೇ ಅಂತಿಮ ಮನ್ನಣೆ. ಆದರೆ ಕಂಪನಿಯೊಂದನ್ನು ಶಿಕ್ಷಿಸಲು ಬೇಕಾದ ಸಾಕ್ಷ್ಯ ಬೇರೆ, ಒಂದು ಬಾಟಲಿಯನ್ನು ಬಾಣಂತಿಯ ರಕ್ತನಾಳಕ್ಕೆ ಹರಿಸುವ ಮುನ್ನ ಇರಬೇಕಾದ ವಿಶ್ವಾಸ ಬೇರೆ. ಅನುಮಾನದ ಲಾಭ ನ್ಯಾಯಾಲಯದಲ್ಲಿ ಆರೋಪಿಗೆ ಸಲ್ಲಬೇಕು, ಉಗ್ರಾಣದಲ್ಲಿ ರೋಗಿಗೆ.

ಪಕ್ಕದ ಮನೆಯ ಪಾಠ

ಕಡಿಮೆ ದರ ಮತ್ತು ಗುಣಮಟ್ಟ ಪರಸ್ಪರ ವೈರಿಗಳಲ್ಲ ಎಂಬುದನ್ನು ತಮಿಳುನಾಡು ವೈದ್ಯಕೀಯ ಸೇವಾ ನಿಗಮ ತೋರಿಸಿಕೊಟ್ಟಿದೆ. 1994ರಲ್ಲಿ ಸ್ಥಾಪನೆಯಾದ ಈ ನಿಗಮದ ವಿಧಾನ ಸರಳ. ಟೆಂಡರ್ ಎರಡು ಲಕೋಟೆಗಳಲ್ಲಿ ಬರುತ್ತದೆ. ಮೊದಲನೆಯದರಲ್ಲಿ ಕಂಪನಿಯ ಅರ್ಹತೆ, ಮಾರುಕಟ್ಟೆಯ ಅನುಭವ, ವಹಿವಾಟು, ತಯಾರಿಕಾ ಮಾನದಂಡದ ಪ್ರಮಾಣಪತ್ರ ಇರುತ್ತವೆ. ಅದು ಒಪ್ಪಿಗೆಯಾದರೆ ಮಾತ್ರ ದರದ ಲಕೋಟೆ ತೆರೆಯುತ್ತದೆ. ಕಾರ್ಖಾನೆಯ ತಪಾಸಣೆ ನಡೆಯುತ್ತದೆ. ಉಗ್ರಾಣಕ್ಕೆ ಬಂದ ಪ್ರತಿ ಬ್ಯಾಚಿನ ಮಾದರಿ, ತಯಾರಕನ ಹೆಸರು ಮರೆಮಾಚಿ ಪ್ರಯೋಗಾಲಯಕ್ಕೆ ಹೋಗುತ್ತದೆ. ವರದಿ ಬರುವವರೆಗೆ ಆ ದಾಸ್ತಾನು ಆಸ್ಪತ್ರೆಯತ್ತ ಹೊರಡುವುದಿಲ್ಲ. ಅಲ್ಲಿಯೂ ಕಡಿಮೆ ದರವೇ ಗೆಲ್ಲುತ್ತದೆ, ಆದರೆ ಅರ್ಹರ ನಡುವೆ ಮಾತ್ರ.

ಗಮನಾರ್ಹ ಸಂಗತಿಯೆಂದರೆ, ಛಿಂದ್ವಾಡಾಕ್ಕೆ ಹೋದ ಸಿರಪ್ ತಯಾರಾದದ್ದು ಅದೇ ತಮಿಳುನಾಡಿನ ಕಾಂಚೀಪುರಂನಲ್ಲಿ. ಖರೀದಿಗೆ ಮಾದರಿಯಾದ ರಾಜ್ಯದಲ್ಲಿಯೇ ತಯಾರಿಕೆಯ ಮೇಲಿನ ನಿಗಾ ಸೋತಿತ್ತು. ನಿಯಂತ್ರಕನ ಎಚ್ಚರವೇ ಬೇರೆ, ಖರೀದಿದಾರನ ಎಚ್ಚರವೇ ಬೇರೆ. ಒಂದರ ಮೇಲೆ ಭಾರ ಹಾಕಿ ಇನ್ನೊಂದು ನಿದ್ರಿಸುವಂತಿಲ್ಲ. ‘ಲೈಸೆನ್ಸ್ ಇದೆಯಲ್ಲ’ ಎಂಬ ಸಮಾಧಾನ ಸಹಕಾರಿಗಳಿಗೆ ಸಾಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ದೃಷ್ಟಿಯಿಂದ ಪರಿಷ್ಕೃತ ‘ಷೆಡ್ಯೂಲ್ ಎಂ’ ಕೂಡ ಮುಖ್ಯ. ಔಷಧ ಕಾರ್ಖಾನೆಗಳ ಉತ್ಪಾದನಾ ಶಿಸ್ತನ್ನು ಬಿಗಿಗೊಳಿಸುವ ಈ ನಿಯಮ 2023ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಸಣ್ಣ ಮತ್ತು ಮಧ್ಯಮ ಘಟಕಗಳಿಗೆ ಕೋರಿಕೆಯ ಮೇರೆಗೆ 2025ರ ಡಿಸೆಂಬರ್ 31ರವರೆಗೆ ಕಾಲಾವಕಾಶ ನೀಡಲಾಗಿತ್ತು. ಪೂರೈಕೆದಾರನ ಕಾರ್ಖಾನೆ ಈ ಮಾನದಂಡ ತಲುಪಿದೆಯೇ ಎಂದು ಬರಹದಲ್ಲಿ ಕೇಳುವುದು ಯಾವುದೇ ಸಹಕಾರಿಗೆ ಖರ್ಚಿಲ್ಲದ ಕೆಲಸ.

ಸಣ್ಣ ಸಂಘದ ದೊಡ್ಡ ಲೆಕ್ಕ

ತಮಿಳುನಾಡು ನಿಗಮ ಮಾಡಿದ್ದನ್ನು ಒಂದು ತಾಲ್ಲೂಕಿನ ಸಹಕಾರಿ ಆಸ್ಪತ್ರೆ ಮಾಡಬಲ್ಲದೇ? ಇದು ನ್ಯಾಯವಾದ ಆಕ್ಷೇಪ. ಲೆಕ್ಕಕ್ಕಾಗಿ, ಒಂದು ಬ್ಯಾಚಿನ ಪರೀಕ್ಷೆಗೆ 10,000 ರೂಪಾಯಿ ತಗಲುತ್ತದೆ ಎಂದಿಟ್ಟುಕೊಳ್ಳೋಣ. 10,000 ಬಾಟಲಿ ಕೊಳ್ಳುವ ಸಂಸ್ಥೆಗೆ ಬಾಟಲಿಯೊಂದಕ್ಕೆ ಬೀಳುವ ಹೊರೆ 1 ರೂಪಾಯಿ. 200 ಬಾಟಲಿ ಕೊಳ್ಳುವ ಸಂಘಕ್ಕೆ ಅದೇ ಹೊರೆ 50 ರೂಪಾಯಿ. ಔಷಧಕ್ಕಿಂತ ಪರೀಕ್ಷೆಯೇ ದುಬಾರಿ. ಇದಲ್ಲದೆ ರಕ್ತನಾಳಕ್ಕೆ ನೀಡುವ ದ್ರಾವಣದಲ್ಲಿ ಸೂಕ್ಷ್ಮಾಣುಗಳಿಲ್ಲವೆಂದು ಖಚಿತಪಡಿಸುವ ಪರೀಕ್ಷೆಗೆ 14 ದಿನಗಳ ಕಾಯುವಿಕೆ ಬೇಕು. ವಾರಕ್ಕೊಮ್ಮೆ ಸರಕು ತರಿಸಿ, ಬಂದ ದಿನವೇ ಬಿಚ್ಚಿ ಕೊಡುವ ಸಂಘಕ್ಕೆ ಅಷ್ಟು ದಿನ ಸರಕು ತಡೆದಿಡುವ ಜಾಗವಾಗಲಿ, ಬಂಡವಾಳವಾಗಲಿ ಇರುವುದಿಲ್ಲ.

ಇದಕ್ಕೆ ಪರಿಹಾರ ಸಹಕಾರ ತತ್ವದಲ್ಲಿಯೇ ಅಡಗಿದೆ. ಅಂತಾರಾಷ್ಟ್ರೀಯ ಸಹಕಾರ ಒಕ್ಕೂಟ 1995ರಲ್ಲಿ ಅಂಗೀಕರಿಸಿದ ಏಳು ತತ್ವಗಳಲ್ಲಿ ಆರನೆಯದು ಸಹಕಾರಿಗಳ ನಡುವಣ ಸಹಕಾರ, ಏಳನೆಯದು ಸಮುದಾಯದ ಕಾಳಜಿ. ಹತ್ತಾರು ಸಂಘಗಳು ಜಿಲ್ಲಾ ಮಟ್ಟದಲ್ಲಿ ಅಥವಾ ರಾಜ್ಯ ಮಟ್ಟದ ಒಕ್ಕೂಟದ ಮೂಲಕ ಒಟ್ಟಾಗಿ ಕೊಂಡರೆ ದರವೂ ಇಳಿಯುತ್ತದೆ, ಪರೀಕ್ಷೆಯ ಹೊರೆಯೂ ಹಂಚಿಹೋಗುತ್ತದೆ, ಕಾಯುವ ಸರಕಿಗೆ ಉಗ್ರಾಣವೂ ಸಿಗುತ್ತದೆ. ಒಬ್ಬ ಪೂರೈಕೆದಾರ ಒಂದು ಸಂಘಕ್ಕೆ ಮೋಸ ಮಾಡಿದರೆ ಆ ಸುದ್ದಿ ಉಳಿದೆಲ್ಲ ಸಂಘಗಳಿಗೂ ಅಂದೇ ತಲುಪುತ್ತದೆ. ಒಂದೆಡೆ ಕಪ್ಪುಪಟ್ಟಿಗೆ ಸೇರಿದವನು ಇನ್ನೊಂದೆಡೆ ಹೊಸ ಮುಖವಾಗಿ ಕಾಣಿಸಿಕೊಳ್ಳುವುದು ತಪ್ಪುತ್ತದೆ.

ಕರ್ನಾಟಕದ ಸಹಕಾರಿಗಳಿಗೆ ಇದು ಅಪರಿಚಿತ ವಿದ್ಯೆಯೇನಲ್ಲ. ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ ಬೆಳಗ್ಗೆ ಮತ್ತು ಸಂಜೆ ಪ್ರತಿ ಸದಸ್ಯನ ಹಾಲಿನ ಮಾದರಿ ತೆಗೆಯಲಾಗುತ್ತದೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ನೋಡಿ ದರ ಕಟ್ಟಲಾಗುತ್ತದೆ. ಕಾರ್ಯದರ್ಶಿಯ ಅಣ್ಣನ ಹಾಲಿಗೂ ಅದೇ ಅಳತೆ. ನೀರು ಬೆರೆಸಿದವನ ಕ್ಯಾನು ವಾಪಸ್ಸು. ಅರ್ಧ ಲೀಟರ್ ಹಾಲಿಗೆ ಇಷ್ಟು ಕಟ್ಟುನಿಟ್ಟು ಪಾಲಿಸುವ ಸಹಕಾರಿ ಸಂಸ್ಕೃತಿ, ಮಗುವಿನ ಬಾಯಿಗೆ ಹೋಗುವ ಸಿರಪ್‌ನ ವಿಷಯದಲ್ಲಿ ಮುದ್ರಿತ ಚೀಟಿಯನ್ನಷ್ಟೇ ನಂಬಿ ಕೂರುವುದು ಸೋಜಿಗ.

ರಿಯಾಯಿತಿಯ ಹಿಂದಿನ ಬೆಲೆ

ಎರಡನೆಯ ಪ್ರಶ್ನೆ ಲಾಭಾಂಶದ್ದು. ಬ್ರ್ಯಾಂಡ್‌ರಹಿತವೆಂದು ಮಾರಾಟವಾಗುವ ಅನೇಕ ಔಷಧಗಳ ಮೇಲೆ ಮುದ್ರಿತ ಗರಿಷ್ಠ ಬೆಲೆಗೂ ಅಂಗಡಿಗೆ ಅವು ತಲುಪುವ ಬೆಲೆಗೂ ಅಜಗಜಾಂತರವಿರುತ್ತದೆ. ‘ಶೇ 20 ರಿಯಾಯಿತಿ’ ಎಂಬ ಫಲಕ ತೂಗುಹಾಕಿದ ಮಳಿಗೆ, ರಿಯಾಯಿತಿ ಕೊಟ್ಟ ನಂತರವೂ ಕೊಂಡ ಬೆಲೆಯ ಹಲವು ಪಟ್ಟು ಗಳಿಸಲು ಸಾಧ್ಯ. ಖಾಸಗಿ ವ್ಯಾಪಾರಿ ಇದನ್ನು ವ್ಯಾಪಾರವೆನ್ನಬಹುದು. ಸದಸ್ಯನೇ ಮಾಲೀಕನಾಗಿರುವ ಸಂಘದಲ್ಲಿ ಇದು ಮಾಲೀಕನ ಜೇಬಿಗೇ ಕೈಹಾಕಿದಂತೆ.

ಆಯ್ಕೆಯ ಮೇಲೆ ಇದರ ಪರಿಣಾಮ ನೇರವಾದುದು. ಹೆಚ್ಚು ಅಂತರ ಕೊಡುವ ಕಂಪನಿಯ ಸರಕೇ ಕಪಾಟಿನ ಮುಂಭಾಗಕ್ಕೆ ಬರುತ್ತದೆ. ಯಾವ ಔಷಧವನ್ನು ಎಷ್ಟಕ್ಕೆ ಕೊಳ್ಳಲಾಯಿತು, ಎಷ್ಟಕ್ಕೆ ಮಾರಲಾಯಿತು, ಯಾರಿಂದ ಕೊಳ್ಳಲಾಯಿತು ಎಂಬ ಪಟ್ಟಿಯನ್ನು ವಾರ್ಷಿಕ ಮಹಾಸಭೆಯ ಮುಂದಿಡುವ ಪದ್ಧತಿ ಬಂದರೆ ಈ ಆಮಿಷಕ್ಕೆ ಕಡಿವಾಣ ಬೀಳುತ್ತದೆ.

ಔಷಧ ಕಂಪನಿಗಳು ವೈದ್ಯರಿಗೆ ಉಡುಗೊರೆ, ಪ್ರವಾಸಗಳನ್ನು ನೀಡುವುದನ್ನು ತಡೆಯಲು 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಏಕರೂಪ ಸಂಹಿತೆ ಹೊರಡಿಸಿತು. ಅದರ ಕಣ್ಣು ಮುಖ್ಯವಾಗಿ ಇರುವುದು ಔಷಧ ಬರೆಯುವವರ ಮೇಲೆ. ಆದರೆ ಸಹಕಾರಿಯಲ್ಲಿ ಖರೀದಿಯ ಕೀಲಿ ಆಡಳಿತ ಮಂಡಳಿಯ ಕೈಯಲ್ಲಿರುತ್ತದೆ. ನಿರ್ದೇಶಕರಾಗಲಿ ಅವರ ಬಂಧುಗಳಾಗಲಿ ಪೂರೈಕೆದಾರ ಸಂಸ್ಥೆಯಲ್ಲಿ ಪಾಲು ಹೊಂದಿದ್ದರೆ ಮೊದಲೇ ಘೋಷಿಸಿ, ಆ ತೀರ್ಮಾನದಿಂದ ದೂರ ಉಳಿಯುವ ನಿಯಮವನ್ನು ಸಂಘಗಳು ತಮ್ಮ ಉಪವಿಧಿಗಳಲ್ಲಿಯೇ ಅಳವಡಿಸಿಕೊಳ್ಳಬೇಕಿದೆ.

ಕಾರ್ಖಾನೆಯ ಹಿಂಬಾಗಿಲು

ನೈತಿಕ ಖರೀದಿ ಎಂದರೆ ಬಾಟಲಿಯ ಒಳಗಿನದು ಶುದ್ಧವಾಗಿದ್ದರೆ ಸಾಲದು, ಅದನ್ನು ತಯಾರಿಸಿದ ಕಾರ್ಖಾನೆಯ ಹಿಂಬಾಗಿಲಿನಿಂದ ಹೊರಬೀಳುವುದರ ಬಗ್ಗೆಯೂ ಕೇಳಬೇಕು. ಹೈದರಾಬಾದ್ ಸಮೀಪದ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ಘಟಕಗಳ ತ್ಯಾಜ್ಯ ನೀರನ್ನು ಸಂಸ್ಕರಿಸುತ್ತಿದ್ದ ಘಟಕದಿಂದ ಹೊರಬರುವ ನೀರನ್ನು ಸ್ವೀಡನ್ನಿನ ವಿಜ್ಞಾನಿ ಯೋಕಿಮ್ ಲಾರ್ಸನ್ ಮತ್ತು ಸಂಗಡಿಗರು ಪರೀಕ್ಷಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಸಂಸ್ಕರಿತ ನೀರಿನಲ್ಲಿಯೇ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇತ್ತು. ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚು ಪ್ರಮಾಣದ ಪ್ರತಿಜೀವಕ ಹಳ್ಳದಲ್ಲಿ ಹರಿಯುತ್ತಿತ್ತು. ಅಂತಹ ನೀರಿನಲ್ಲಿ ಬದುಕುಳಿಯುವ ರೋಗಾಣುಗಳು ಔಷಧಕ್ಕೆ ಜಗ್ಗದ ಶಕ್ತಿ ಪಡೆಯುತ್ತವೆ. ಕೊನೆಗೆ ಅವು ಬಂದು ಸೇರುವುದು ಆಸ್ಪತ್ರೆಯ ವಾರ್ಡಿಗೇ. ಅಗ್ಗದ ಮಾತ್ರೆ ಕೊಂಡ ಆಸ್ಪತ್ರೆಯೇ ಮುಂದೊಂದು ದಿನ ದುಬಾರಿ ಮಾತ್ರೆಗೂ ಬಗ್ಗದ ಸೋಂಕನ್ನು ಎದುರಿಸಬೇಕಾಗುತ್ತದೆ.

ಇಂತಹ ವರದಿಗಳ ನಂತರ ನಾರ್ವೆಯ ಸಾರ್ವಜನಿಕ ಆಸ್ಪತ್ರೆಗಳು ಪ್ರತಿಜೀವಕ ಖರೀದಿಯ ಟೆಂಡರ್‌ನಲ್ಲಿ ದರದೊಂದಿಗೆ ಪರಿಸರ ಮಾನದಂಡಕ್ಕೂ ಅಂಕ ನೀಡತೊಡಗಿದವು. ಕಾರ್ಮಿಕರ ಪ್ರಶ್ನೆಯೂ ಹೀಗೆಯೇ. ಬಲವಂತದ ದುಡಿಮೆಯ ಆರೋಪದ ಮೇಲೆ 2020-21ರಲ್ಲಿ ಅಮೆರಿಕ ಮಲೇಷ್ಯಾದ ದೈತ್ಯ ಕೈಗವಸು ಕಂಪನಿಯೊಂದರ ಆಮದನ್ನು ತಡೆದಾಗ, ಕಂಪನಿ ವಲಸೆ ಕಾರ್ಮಿಕರ ನೇಮಕಾತಿ ಶುಲ್ಕವನ್ನು ಹಿಂತಿರುಗಿಸಬೇಕಾಯಿತು. ಕೊಳ್ಳುವವನು ಕೇಳಿದರೆ ಮಾರುವವನು ಬದಲಾಗುತ್ತಾನೆ ಎಂಬುದು ಇದರ ಸಾರ.

ಇಲ್ಲಿನ ಸಂಘವೊಂದು ಜಾಗತಿಕ ಕಂಪನಿಯನ್ನು ಬಗ್ಗಿಸಲಾರದು, ನಿಜ. ಆದರೆ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು 2016ರಿಂದಲೇ ಕ್ಲೋರಿನ್‌ಯುಕ್ತ ಪ್ಲಾಸ್ಟಿಕ್ ಚೀಲ ಮತ್ತು ಕೈಗವಸುಗಳನ್ನು ಕೈಬಿಡಲು ಸೂಚಿಸಿವೆ. ಖರೀದಿ ಆದೇಶದಲ್ಲಿ ಈ ಒಂದು ಸಾಲನ್ನು ಸೇರಿಸುವುದು ಯಾರ ಶಕ್ತಿಗೂ ಮೀರಿದ್ದಲ್ಲ.

ಕೊಳ್ಳುವವನ ನೀತಿ

ಪೂರೈಕೆದಾರನಿಂದ ನೀತಿ ಬಯಸುವ ಸಂಸ್ಥೆ ತಾನೂ ನೀತಿವಂತನಾಗಿರಬೇಕು. ಸಣ್ಣ ಮತ್ತು ಅತಿ ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಕಾಯ್ದೆ ಹೇಳುತ್ತದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಕಾಗದದ ಮೇಲಿನ ಈ ರಕ್ಷಣೆಯನ್ನು ಕೇಳಿ ಪಡೆಯುವ ಧೈರ್ಯ ಸಣ್ಣ ತಯಾರಕನಿಗೆ ಇರುವುದಿಲ್ಲ. ಮುಂದಿನ ಆದೇಶ ಕೈತಪ್ಪುವ ಭಯ ಅವನದು.

ಹಣ ತಡವಾಗುತ್ತದೆಂದು ಗೊತ್ತಿರುವಲ್ಲಿ ಪ್ರಾಮಾಣಿಕ ತಯಾರಕ ಟೆಂಡರ್ ಹಾಕುವುದಿಲ್ಲ. ಹಾಕಿದರೆ ಬಡ್ಡಿಯನ್ನೂ ದರದಲ್ಲಿ ಸೇರಿಸುತ್ತಾನೆ ಮತ್ತು ಸೋಲುತ್ತಾನೆ. ಕಣದಲ್ಲಿ ಉಳಿಯುವುದು ಎಲ್ಲಿಯಾದರೂ ಕತ್ತರಿ ಹಾಕಿ ಸರಿದೂಗಿಸುವವನು. ಕಳಪೆ ಪೂರೈಕೆದಾರನನ್ನು ಎಷ್ಟೋ ಸಲ ಕೊಳ್ಳುವವನೇ ಸೃಷ್ಟಿಸುತ್ತಾನೆ.

ದಾರಿ ಯಾವುದು?

ಇಷ್ಟೆಲ್ಲ ಮಾನದಂಡ ಹೇರಿದರೆ ಔಷಧ ದುಬಾರಿಯಾಗಿ, ಬಡವನಿಗೆ ನೆರವಾಗಬೇಕೆಂಬ ಮೂಲ ಉದ್ದೇಶವೇ ಸೋಲುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅರ್ಹತೆಯ ಷರತ್ತುಗಳನ್ನು ಬಿಗಿಗೊಳಿಸುವ ನೆಪದಲ್ಲಿ ದೊಡ್ಡ ಕಂಪನಿಗಳಿಗಷ್ಟೇ ಬಾಗಿಲು ತೆರೆದು, ಸ್ಥಳೀಯ ಸಣ್ಣ ಘಟಕಗಳನ್ನು ಹೊರಗಟ್ಟುವ ಅಪಾಯವೂ ಇದೆ. ವಹಿವಾಟಿನ ಮಿತಿಯನ್ನು ಯಾರೋ ಒಬ್ಬರಿಗೆ ಹೊಂದುವಂತೆ ಹೊಲಿಯುವ ಕಲೆ ಟೆಂಡರ್ ಲೋಕಕ್ಕೆ ಹೊಸದಲ್ಲ. ಆದ್ದರಿಂದ ಮಾನದಂಡ ಕಂಪನಿಯ ಗಾತ್ರವನ್ನು ಅಳೆಯುವಂತಿರಬಾರದು, ಸರಕಿನ ಗುಣವನ್ನು ಅಳೆಯುವಂತಿರಬೇಕು. ಎಲ್ಲವನ್ನೂ ಒಮ್ಮೆಗೇ ಪರೀಕ್ಷಿಸಲಾಗದ ಸಂಘ ರಕ್ತನಾಳಕ್ಕೆ ಹೋಗುವ ದ್ರಾವಣ, ಚುಚ್ಚುಮದ್ದು, ಮಕ್ಕಳ ಸಿರಪ್‌ಗಳಿಂದ ಆರಂಭಿಸಬಹುದು. ತಪ್ಪಿದರೆ ಪ್ರಾಣಕ್ಕೇ ಎರವಾಗುವ ಸರಕಿಗೆ ಮೊದಲ ಆದ್ಯತೆ. ಉಳಿದವು ಅನುಕ್ರಮವಾಗಿ ಬರಲಿ.

ಪರೀಕ್ಷೆಯ ಖರ್ಚಿನಿಂದ ಬೆಲೆ ಅಲ್ಪಸ್ವಲ್ಪ ಏರಿದರೂ ಅದನ್ನು ಸದಸ್ಯರಿಗೆ ತಿಳಿಯಹೇಳುವ ವೇದಿಕೆ ಸಹಕಾರಿಗಿದೆ. ಸರ್ಕಾರಿ ಆಸ್ಪತ್ರೆಯ ರೋಗಿ ಟೆಂಡರ್ ಕಡತವನ್ನು ನೋಡಬೇಕೆಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕಾಯಬೇಕು. ಖಾಸಗಿ ಆಸ್ಪತ್ರೆಯ ರೋಗಿಗೆ ಆ ಅವಕಾಶವೂ ಇಲ್ಲ. ಸಹಕಾರಿಯ ಸದಸ್ಯ ಮಾತ್ರ ಮಹಾಸಭೆಯಲ್ಲಿ ಎದ್ದು ನಿಂತು, ತನ್ನ ಮಗುವಿಗೆ ಕೊಟ್ಟ ಔಷಧ ಎಲ್ಲಿಂದ ಬಂತೆಂದು ಹಕ್ಕಿನಿಂದ ಕೇಳಬಲ್ಲ.

ಆ ಹಕ್ಕು ಇದುವರೆಗೆ ಹೆಚ್ಚಾಗಿ ಬಳಕೆಯಾಗಿರುವುದು ಡಿವಿಡೆಂಡ್ ಎಷ್ಟೆಂದು ಕೇಳುವುದಕ್ಕೆ. ಸರಕಿನ ಪರೀಕ್ಷಾ ವರದಿ ಎಲ್ಲಿದೆ ಎಂದು ಕೇಳುವ ಸದಸ್ಯನೊಬ್ಬ ಪ್ರತಿ ಸಭೆಯಲ್ಲಿಯೂ ಎದ್ದು ನಿಲ್ಲುವ ದಿನ ಬಂದರೆ, ಆಡಳಿತ ಮಂಡಳಿಗಳು ದರಪಟ್ಟಿಯ ಕೊನೆಯ ಸಾಲಿನಾಚೆಗೂ ಕಣ್ಣು ಹಾಯಿಸಲೇಬೇಕಾಗುತ್ತದೆ. ಸರ್ಕಾರದ ಮುಂದಿನ ಸುತ್ತೋಲೆಗಾಗಿ ಕಾಯದೆ ಸಂಘಗಳು ಮಾಡಬಹುದಾದ ಕೆಲಸ ಇದು. ಬಳ್ಳಾರಿಯ ತಾಯಂದಿರ ಸಾವು ಅದಕ್ಕೆ ಸಾಕಷ್ಟು ಕಾರಣವನ್ನು ಒದಗಿಸಿದೆ.